ಬೇವು ಎಲ್ಲಿಗೆ, ಮಾತ್ರೆ ಎಲ್ಲಿಗೆ: ನಾಯಿಯ ಚಿಗಟ ಓಡಿಸುವ ಪೂರ್ತಿ ಕ್ರಮ

ದಾವಣಗೆರೆಯಲ್ಲಿ ಮಳೆ ಹಿಡಿದು ಮೂರು ವಾರ ಆಯಿತು ಅಂದರೆ ನನಗೆ ಎರಡೇ ಥರದ ಫೋನ್ ಬರುತ್ತವೆ. ಒಂದು, "ಅಣ್ಣಾ, ಬೇವಿನ ನೀರಲ್ಲಿ ನಾಲ್ಕು ಸಲ ತೊಳೆದೆ, ಚಿಗಟ ಹಾಗೇ ಇದೆ." ಇನ್ನೊಂದು, "ಅಷ್ಟು ದುಡ್ಡು ಕೊಟ್ಟು ಮಾತ್ರೆ ಹಾಕಿದೆ, ಹದಿನೈದು ದಿನಕ್ಕೆ ಮತ್ತೆ ಬಂತು, ನಕಲಿ ಮಾತ್ರೆನೇ ಇರಬೇಕು." ಬೇವಲ್ಲಿ ಸೋತವರು ಮಾತ್ರೆಗೆ ಹೋಗುತ್ತಾರೆ. ಮಾತ್ರೆಯಲ್ಲಿ ಸೋತವರು ಬೇವಿಗೆ ಬರುತ್ತಾರೆ. ಸೋಲಿಗೆ ಕಾರಣ ಇಬ್ಬರದೂ ಒಂದೇ.

ಚಿಗಟಕ್ಕೆ ನಾಯಿಯ ಮೈ ಬರೀ ಊಟದ ಮನೆ. ಅದು ಹುಟ್ಟಿ ಬೆಳೆಯುವುದು ನಾಯಿ ಮಲಗುವ ಜಾಗದಲ್ಲಿ. ನಾವು ಊಟದ ಮನೆಯನ್ನೇ ಮತ್ತೆ ಮತ್ತೆ ತೊಳೆಯುತ್ತೇವೆ, ಹೆರಿಗೆ ಕೋಣೆಗೆ ಕೈ ಹಾಕುವುದೇ ಇಲ್ಲ. ಹಾಗಾಗಿ ಬೇವು ಒಳ್ಳೆಯದೋ ಮಾತ್ರೆ ಒಳ್ಳೆಯದೋ ಅನ್ನುವ ಜಗಳ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಯಾವುದನ್ನು ಎಲ್ಲಿ, ಯಾವ ದಿನ ಬಳಸಬೇಕು ಅನ್ನುವುದೇ ಕೆಲಸ.

ನಾನು ಪಶುವೈದ್ಯನಲ್ಲ. ಬೀದಿಯಿಂದ ತಂದ ನಾಯಿಗಳನ್ನು ಸಾಕಿ, ಪಶುವೈದ್ಯರಿಂದ ಬೈಸಿಕೊಂಡು ಕಲಿತವನು. ನಾಯಿಯ ಪ್ರಾಣಕ್ಕೆ ಸಂಬಂಧಿಸಿದ ಜಾಗದಲ್ಲಿ "ಡಾಕ್ಟರ್ ಹತ್ತಿರ ಹೋಗಿ" ಅಂತ ಬರೆದಿದ್ದೇನೆ. ಅಲ್ಲಿ ದಯವಿಟ್ಟು ಹೋಗಿ.

## ಶುರು ಮಾಡುವ ಮುಂಚೆ: ಈ ಲೆಕ್ಕ ತಲೆಯಲ್ಲಿರಲಿ

ಹೆಣ್ಣು ಚಿಗಟ ನಾಯಿಯ ರಕ್ತ ಕುಡಿದ ಒಂದೆರಡು ದಿನಕ್ಕೇ ಮೊಟ್ಟೆ ಇಡುತ್ತದೆ. ದಿನಕ್ಕೆ 40ರಿಂದ 50 ಮೊಟ್ಟೆ. ಹೇನಿನ ಸೀರು ಕೂದಲಿಗೆ ಅಂಟಿಕೊಂಡಿರುತ್ತದಲ್ಲ, ಇದು ಹಾಗಲ್ಲ. ಪುಡಿ ಉಪ್ಪಿನ ಹಾಗೆ ಜಾರಿ ಕೆಳಗೆ ಬೀಳುತ್ತದೆ. ನಾಯಿ ಎಲ್ಲಿ ಜಾಸ್ತಿ ಹೊತ್ತು ಮಲಗುತ್ತದೋ ಅಲ್ಲೇ ಜಾಸ್ತಿ ಬೀಳುತ್ತದೆ.

ಮೊಟ್ಟೆಯಿಂದ ಬಂದ ಮರಿಹುಳುವಿಗೆ ಬೆಳಕು ಆಗದು. ಗೋಣಿಚೀಲದ ಅಡಿಗೋ, ಕಲ್ಲಿನ ಸಂದಿಗೋ, ಸೋಫಾ ಕೆಳಗೋ ಸೇರಿಕೊಳ್ಳುತ್ತದೆ. ದೊಡ್ಡ ಚಿಗಟಗಳ ಹಿಕ್ಕೆಯನ್ನು, ಅಂದರೆ ಒಣಗಿದ ರಕ್ತವನ್ನು ತಿಂದು ಬೆಳೆಯುತ್ತದೆ. ಆಮೇಲೆ ರೇಷ್ಮೆ ಹುಳುವಿನ ಹಾಗೆ ಗೂಡು ಕಟ್ಟುತ್ತದೆ. ಗೂಡು ಅಂಟಂಟು, ಮೇಲೆಲ್ಲ ಧೂಳು ಮೆತ್ತಿಕೊಂಡು ಕಣ್ಣಿಗೆ ಬೀಳುವುದಿಲ್ಲ. ಬೇವಾಗಲಿ ಕೆಮಿಕಲ್ ಆಗಲಿ ಗೂಡಿನ ಒಳಗೆ ಸರಿಯಾಗಿ ಇಳಿಯುವುದೇ ಇಲ್ಲ. ಬೇಕಾದರೆ ತಿಂಗಳುಗಟ್ಟಲೆ ಅದು ಒಳಗೇ ಕಾದು ಕೂರುತ್ತದೆ. ಯಾರಾದರೂ ನಡೆದ ಅದುರು, ಮೈ ಬಿಸಿ, ಉಸಿರು ತಾಗಿತು ಅಂದರೆ ಹೊರಗೆ ಹಾರುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಬಂದು ಬೀಗ ತೆಗೆದ ತಕ್ಷಣ ಕಾಲಿಗೆ ಕಚ್ಚುವುದು ಇದೇ ಕಾರಣಕ್ಕೆ.

ಚಿಗಟ ಬಿದ್ದ ಮನೆಯಲ್ಲಿ ನೂರಕ್ಕೆ ಸುಮಾರು 5 ಮಾತ್ರ ನಾಯಿಯ ಮೈಮೇಲೆ ಓಡಾಡುವ ದೊಡ್ಡ ಚಿಗಟ. ಉಳಿದ 95 ಮೊಟ್ಟೆ, ಮರಿಹುಳು, ಗೂಡಾಗಿ ನೆಲದಲ್ಲಿರುತ್ತವೆ ಅನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಬೆಚ್ಚಗೆ, ತೇವ ಇದ್ದರೆ ಮೊಟ್ಟೆಯಿಂದ ಚಿಗಟ ಆಗಲು ಎರಡು ಮೂರು ವಾರ ಸಾಕು.

ಇನ್ನೊಂದು ಮಾತು. ಮೊಟ್ಟೆಗೂ ಮರಿಹುಳುವಿಗೂ ತೇವ ಬೇಕು. ಗಾಳಿಯ ತೇವ ಅರ್ಧಕ್ಕಿಂತ ಕೆಳಗಿಳಿದರೆ ಅವು ಒಣಗಿ ಸಾಯುತ್ತವೆ. ಹಾಗಾಗಿ ಚಿತ್ರದುರ್ಗ, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲು ನಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಆದರೆ ಬೇಸಿಗೆಯಲ್ಲಿ ಕೂಲರ್ ಮುಂದೆ, ಬಚ್ಚಲ ಪಕ್ಕ, ನೀರಿನ ಡ್ರಮ್ ಹಿಂದೆ ನಾಯಿ ಮಲಗುತ್ತದಲ್ಲ, ಅಲ್ಲಿ ವರ್ಷವಿಡೀ ಮಳೆಗಾಲವೇ.

## ಹಂತ 1: ಚಿಗಟವೇ ಹೌದಾ, ಖಚಿತ ಮಾಡಿಕೊಳ್ಳಿ

ಕೆರೆದುಕೊಂಡ ಕೂಡಲೇ ಚಿಗಟ ಅಂದುಕೊಳ್ಳಬೇಡಿ. ಕಜ್ಜಿ, ಫಂಗಸ್, ಊಟದ ಅಲರ್ಜಿ, ಎಲ್ಲದಕ್ಕೂ ನಾಯಿ ಕೆರೆದುಕೊಳ್ಳುತ್ತದೆ.

ಚಿಗಟ ಕಂದು ಬಣ್ಣದ್ದು, ಎಳ್ಳಿಗಿಂತ ಚಿಕ್ಕದು, ಮೈ ಎರಡು ಕಡೆಯಿಂದ ಒತ್ತಿದ ಹಾಗೆ ಚಪ್ಪಟೆ. ಕೂದಲ ನಡುವೆ ಓಡುತ್ತದೆ, ಹಿಡಿಯಲು ಹೋದರೆ ಹಾರುತ್ತದೆ. ಉಣ್ಣೆ, ನಮ್ಮ ಕಡೆ ಕೆಲವರು ಉಣುಗು ಅನ್ನುತ್ತಾರೆ, ಅದು ಚರ್ಮಕ್ಕೆ ಕಚ್ಚಿ ಕೂತುಬಿಡುತ್ತದೆ, ಹಾರುವುದಿಲ್ಲ. ರಕ್ತ ಕುಡಿದು ಹರಳು ಬೀಜದ ಹಾಗೆ ಊದಿಕೊಳ್ಳುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಉಣ್ಣೆಗೆ ಕೊಡುವ ಎಲ್ಲ ಔಷಧಿಯೂ ಚಿಗಟಕ್ಕೆ ಆಗುವುದಿಲ್ಲ. ನೀರಿಗೆ ಬೆರೆಸಿ ಮೈ ತೊಳೆಯುವ ಅಮಿಟ್ರಾಜ್ ಅಂತ ಒಂದು ಔಷಧಿ ಎಲ್ಲ ಕಡೆ ಸಿಗುತ್ತದೆ. ಅದು ಉಣ್ಣೆಗೆ, ಕಜ್ಜಿಗೆ. ಚಿಗಟಕ್ಕೆ ಅದರಿಂದ ಹೇಳಿಕೊಳ್ಳುವ ಉಪಯೋಗ ಇಲ್ಲ. ಎಷ್ಟು ಜನ ಅದರಲ್ಲೇ ತೊಳೆದು ತೊಳೆದು ಸುಸ್ತಾಗಿದ್ದಾರೋ!

ಪರೀಕ್ಷೆ ಸುಲಭ. ಒದ್ದೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ನಾಯಿ ನಿಲ್ಲಿಸಿ ಬಾಲದ ಬುಡ, ಸೊಂಟ, ತೊಡೆ ಸಂದಿ ಬಾಚಿ. ಕರಿ ಪುಡಿ ಬೀಳುತ್ತದೆ. ಎರಡು ನಿಮಿಷ ಬಿಟ್ಟು ನೋಡಿ. ಕರಿಯಾಗೇ ಇದ್ದರೆ ಮಣ್ಣು. ಸುತ್ತ ಕೆಂಪು ಕಂದು ಬಣ್ಣ ಬಿಟ್ಟರೆ ಚಿಗಟದ ಹಿಕ್ಕೆ. ಒಂದೂ ಚಿಗಟ ಕಣ್ಣಿಗೆ ಬೀಳದಿದ್ದರೂ ಈ ಕೆಂಪು ಕಂಡರೆ ಚಿಗಟ ಇದೆ ಅಂತಲೇ ಅರ್ಥ.

## ಹಂತ 2: ಸಾಮಾನು ಜೋಡಿಸಿ, ತೂಕ ನೋಡಿ

ಬೇಕಾಗುವುದು ಇಷ್ಟು: ಒತ್ತು ಹಲ್ಲಿನ ಬಾಚಣಿಗೆ, ನಾಯಿ ಶಾಂಪೂ, ಎರಡು ಬಕೆಟ್, ಒಂದು ಬೋಗುಣಿ ಸೋಪಿನ ನೀರು, ಕೈಗೆ ಗ್ಲೌಸ್, ಪೊರಕೆ, ಒರೆಸುವ ಬಟ್ಟೆ, ಕಟ್ಟಿ ಎಸೆಯಲು ಪ್ಲಾಸ್ಟಿಕ್ ಚೀಲ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅರ್ಧ ಕೆಲಸ ಹಗುರ.

ಬಾಚಣಿಗೆಗೆ ದುಡ್ಡು ಹಾಕಬೇಕಿಲ್ಲ. ಹಳೆ ಮನೆಗಳಲ್ಲಿ ಹೇನು ತೆಗೆಯುವ ಸೀರಣಿಗೆ ಇರುತ್ತದಲ್ವಾ, ಗಿಡ್ಡ ಕೂದಲಿನ ನಾಯಿಗೆ ಅದೇ ಸಾಕು. ಉದ್ದ ಕೂದಲಿನ ನಾಯಿಗೆ ಮೊದಲು ಮಾಮೂಲಿ ಹಣಿಗೆಯಲ್ಲಿ ಗಂಟು ಬಿಡಿಸಿ, ಆಮೇಲೆ ಸೀರಣಿಗೆ.

ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ನೀವು ನಾಯಿ ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ, ಕಳೆಯಿರಿ. ನನ್ನ ಕೆಂಚನನ್ನು ನಾನು 25 ಕೆಜಿ ಅಂದುಕೊಂಡಿದ್ದೆ. ತೂಗಿದರೆ 18. ಏಳು ಕೆಜಿ ಪ್ರೀತಿ ಇರಬೇಕು. ಔಷಧಿಯ ಡಬ್ಬಿಗಳೆಲ್ಲ ತೂಕದ ಲೆಕ್ಕದಲ್ಲೇ ಬರುವುದು, ಹಾಗಾಗಿ ಈ ಏಳು ಕೆಜಿ ನಗುವ ವಿಷಯವಲ್ಲ.

## ಹಂತ 3: ಯಾವ ನಾಯಿಗೆ ಯಾವ ದಾರಿ

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೈ ತುಂಬ ಚಿಗಟ ಬಿದ್ದ ಮೇಲೆ ನಾಯಿಯ ಮೈಗೆ ಡಾಕ್ಟರ್ ಬರೆದುಕೊಟ್ಟ ಔಷಧಿ ಬೇಕು. ಮನೆಗೆ ಬಿಸಿಲು, ಬಿಸಿನೀರು, ಪೊರಕೆ ಬೇಕು. ಬೇವು ತಡೆಯುವ ಕೆಲಸಕ್ಕೆ ಒಳ್ಳೆಯದು, ಬಿದ್ದ ಚಿಗಟ ಮುಗಿಸುವ ಶಕ್ತಿ ಅದಕ್ಕಿಲ್ಲ. ಅದರ ವಾಸನೆಗೆ, ಕಹಿಗೆ ಚಿಗಟ ಸ್ವಲ್ಪ ದೂರ ಇರುತ್ತದೆ. ಒಂದೆರಡು ದಿನಕ್ಕೆ ಆ ವಾಸನೆಯೂ ಹೋಗುತ್ತದೆ.

ಬರೀ ಬೇವು, ಬಾಚಣಿಗೆ, ಸ್ನಾನದಲ್ಲೇ ಮುಗಿಸಬಹುದಾದ ಸಂದರ್ಭವೂ ಇದೆ. ಬಾಚಿದಾಗ ಒಂದೋ ಎರಡೋ ಚಿಗಟ ಸಿಕ್ಕಿದೆ, ನಾಯಿ ಆರೋಗ್ಯವಾಗಿದೆ, ಮನೆಯಲ್ಲಿ ಬೇರೆ ನಾಯಿ ಬೆಕ್ಕು ಇಲ್ಲ, ನೀವು ದಿನಾ ಹದಿನೈದು ನಿಮಿಷ ಬಾಚಲು ತಯಾರಿದ್ದೀರಿ ಅಂದರೆ ಆಗುತ್ತದೆ. ದಿನಾ ಅಂದರೆ ದಿನಾ. ವಾರಕ್ಕೊಮ್ಮೆ ಬಾಚಿದರೆ ಒಂದು ಹೆಣ್ಣು ಚಿಗಟ ಅಷ್ಟರಲ್ಲಿ 300 ಮೊಟ್ಟೆ ಇಟ್ಟಿರುತ್ತದೆ.

ಎರಡು ತಿಂಗಳೊಳಗಿನ ಮರಿ, ಗಬ್ಬದ ನಾಯಿ, ಹಾಲು ಕುಡಿಸುವ ನಾಯಿ, ಫಿಟ್ಸ್ ಬಂದ ನಾಯಿ, ಮುದಿ ನಾಯಿ, ಇವಕ್ಕೆ ನೀವೇ ಏನನ್ನೂ ಆರಿಸಬೇಡಿ. ಸರ್ಕಾರಿ ಪಶು ಆಸ್ಪತ್ರೆಗೋ ಖಾಸಗಿ ಕ್ಲಿನಿಕ್‌ಗೋ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಬಾಚಣಿಗೆ ಒಂದೇ.

## ಹಂತ 4: ಸ್ನಾನ ಮತ್ತು ಬಾಚುವುದು

ಮೈಗೆ ಹಚ್ಚುವ ಔಷಧಿ ಬಳಸುವುದಾದರೆ ದಿನದ ಕ್ರಮ ಹೀಗಿರಲಿ: ಶುಕ್ರವಾರ ಸ್ನಾನ, ಭಾನುವಾರ ಔಷಧಿ. ನಡುವೆ ಎರಡು ದಿನ ಯಾಕೆ ಅಂದರೆ, ಬೆನ್ನಿಗೆ ಹಾಕುವ ಹನಿ ಔಷಧಿ ಚರ್ಮದ ಎಣ್ಣೆಯ ಜೊತೆ ಸೇರಿ ಮೈಗೆಲ್ಲ ಹರಡಬೇಕು. ಶಾಂಪೂ ಹಾಕಿದ ದಿನ ಆ ಎಣ್ಣೆ ಇರುವುದಿಲ್ಲ. ಔಷಧಿ ಹಾಕಿದ ಮೇಲೂ ಎರಡು ದಿನ ನೀರು ಮುಟ್ಟಿಸಬಾರದು. ಜನ ತಪ್ಪುವುದು ಇಲ್ಲೇ. ಭಾನುವಾರ ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಔಷಧಿ, ಸೋಮವಾರ ಮತ್ತೆ ಬೇವಿನ ನೀರು. ದುಡ್ಡೂ ಔಷಧಿಯೂ ಎರಡೂ ಬಚ್ಚಲಿಗೆ.

ಮಾತ್ರೆ ಕೊಡುವುದಾದರೆ ಈ ಎರಡು ದಿನದ ಲೆಕ್ಕ ಇಲ್ಲ.

ಸ್ನಾನದಲ್ಲಿ ಒಂದು ಉಪಾಯ ಇದೆ. ಮೊದಲು ಮೈಗೆ ನೀರು ಹಾಕಿದರೆ ಚಿಗಟಗಳೆಲ್ಲ ಕಿವಿಗೆ, ಮುಖಕ್ಕೆ ಓಡುತ್ತವೆ. ಅಲ್ಲಿ ಶಾಂಪೂ ಹಾಕುವ ಹಾಗಿಲ್ಲ. ಅದಕ್ಕೆ ಮೊದಲು ಕುತ್ತಿಗೆ ಸುತ್ತ ದಪ್ಪ ನೊರೆಯ ಪಟ್ಟಿ ಹಾಕಿ. ದಾರಿ ಬಂದ್. ಆಮೇಲೆ ಮೈಗೆ ಉಗುರುಬೆಚ್ಚಗಿನ ನೀರು, ಶಾಂಪೂ. ನೊರೆ ಐದರಿಂದ ಹತ್ತು ನಿಮಿಷ ಮೈಮೇಲೆ ಇರಲಿ. ನೊರೆ ಇರುವಾಗಲೇ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿನ ಬೋಗುಣಿಗೆ ಅದ್ದಿ. ಬರೀ ನೀರಿಗೆ ಹಾಕಿದರೆ ಚಿಗಟ ತೇಲುತ್ತದೆ, ಮತ್ತೆ ಹಾರುತ್ತದೆ. ಸೋಪಿದ್ದರೆ ಮುಳುಗುತ್ತದೆ. ಉಗುರಲ್ಲಿ ಕುಕ್ಕಬೇಡಿ.

ನಮ್ಮ ಮೈಸೋಪು, ಬಟ್ಟೆ ಸೋಪು, ಪಾತ್ರೆ ಸೋಪು ಬೇಡ. ಚರ್ಮ ಒಣಗಿ ನಾಯಿ ಇನ್ನೂ ಜಾಸ್ತಿ ಕೆರೆದುಕೊಳ್ಳುತ್ತದೆ. ಆಮೇಲೆ ಅದು ಚಿಗಟದ ಕೆರೆತವೋ ಸೋಪಿನ ಕೆರೆತವೋ ಗೊತ್ತಾಗುವುದಿಲ್ಲ.

ಬೇವಿನ ನೀರು ಹಾಕುವವರಿಗೆ: ಎರಡು ಹಿಡಿ ಬೇವಿನ ಸೊಪ್ಪನ್ನು ಎರಡು ಮೂರು ಲೀಟರ್ ನೀರಲ್ಲಿ ಹದಿನೈದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಸೋಸಿ. ಶಾಂಪೂ ತೊಳೆದಾದ ಮೇಲೆ ಕೊನೆಯ ನೀರಾಗಿ ಕುತ್ತಿಗೆಯಿಂದ ಕೆಳಗೆ ಸುರಿಯಿರಿ. ಮೊದಲ ಸಲ ಹೊಟ್ಟೆಯ ಪಕ್ಕ ಒಂದು ಅಂಗೈ ಅಗಲಕ್ಕೆ ಮಾತ್ರ ಹಾಕಿ ಒಂದು ದಿನ ನೋಡಿ. ಬೇವಿನ ಎಣ್ಣೆಯನ್ನು ಹಾಗೇ ಮೈಗೆ ಸವರಬೇಡಿ. ನಾಯಿ ನೆಕ್ಕುತ್ತದೆ, ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ. ಬೆಕ್ಕಿರುವ ಮನೆಯಲ್ಲಂತೂ ಬೇವಿನ ಎಣ್ಣೆ ಬೇಡವೇ ಬೇಡ.

## ಹಂತ 5: ನಾಯಿಗೆ ಔಷಧಿ

ಅಂಗಡಿಯಲ್ಲಿ ಹೆಸರು ನೂರಿರುತ್ತವೆ. ನೀವು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ.

ಫಿಪ್ರೊನಿಲ್ ಸ್ಪ್ರೇ ಅಥವಾ ಹನಿ. ಚಿಗಟಕ್ಕೂ ಉಣ್ಣೆಗೂ ಆಗುತ್ತದೆ. ಸ್ಪ್ರೇ ಬಳಸುವವರಲ್ಲಿ ನಾನು ಕಂಡ ದೊಡ್ಡ ತಪ್ಪು ಅಂದರೆ ಪ್ರಮಾಣ. ಸಾಮಾನ್ಯವಾಗಿ ಕೆಜಿಗೆ 3ರಿಂದ 6 ಮಿ.ಲೀ. ಬೇಕು, ಗಿಡ್ಡ ಕೂದಲಿಗೆ ಕಡಿಮೆ, ಉದ್ದ ಕೂದಲಿಗೆ ಜಾಸ್ತಿ. ನಿಮ್ಮ ಬಾಟಲಿಯ ಚೀಟಿಯಲ್ಲೂ ನೋಡಿಕೊಳ್ಳಿ. 18 ಕೆಜಿಯ ನಾಯಿಗೆ ಕಡಿಮೆ ಅಂದರೂ 54 ಮಿ.ಲೀ. ಅಂದರೆ 100 ಮಿ.ಲೀ. ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಖಾಲಿ. ನಮ್ಮವರು ಬೆನ್ನಿಗೆ ಹತ್ತು ಸಲ ಪುಸ್ ಪುಸ್ ಅನ್ನಿಸಿ, ಬಾಟಲಿ ಬೀರುವಿನಲ್ಲಿಟ್ಟು, ಔಷಧಿ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಕೂದಲಿನ ವಿರುದ್ಧ ದಿಕ್ಕಿಗೆ ಸವರುತ್ತಾ ಚರ್ಮ ಒದ್ದೆಯಾಗುವ ಹಾಗೆ ಹೊಡೆಯಬೇಕು. ಗ್ಲೌಸ್ ಹಾಕಿ, ಬಯಲಲ್ಲಿ ಮಾಡಿ. ಅದರಲ್ಲಿ ಸ್ಪಿರಿಟ್ ಇರುತ್ತದೆ, ಹತ್ತಿರ ಬೀಡಿ, ಒಲೆ, ದೀಪ ಏನೂ ಇರಬಾರದು. ಮುಖಕ್ಕೆ ನೇರ ಹೊಡೆಯದೆ ಗ್ಲೌಸ್ ಮೇಲೆ ಹೊಡೆದು ಸವರಿ. ಒಣಗುವವರೆಗೆ ಮಕ್ಕಳು ಮುಟ್ಟದಿರಲಿ. ಮೊಲ ಸಾಕಿದ್ದರೆ ಅದಕ್ಕೆ ಫಿಪ್ರೊನಿಲ್ ಸೋಕಿಸಲೇಬೇಡಿ, ಮೊಲ ಸಾಯಬಹುದು.

ಹನಿ ಔಷಧಿಯಾದರೆ ಎರಡು ಭುಜದ ನಡುವೆ, ನಾಲಿಗೆ ಎಟುಕದ ಜಾಗದಲ್ಲಿ, ಕೂದಲು ಸೀಳಿ ಚರ್ಮ ಕಂಡ ಮೇಲೆ ಹಿಂಡಿ. ಕೂದಲ ಮೇಲೆ ಹಿಂಡಿದರೆ ಕೂದಲಿಗಷ್ಟೇ ಔಷಧಿ.

ಪರ್ಮೆತ್ರಿನ್ ಸೇರಿದ ಹನಿ. ನಾಯಿಗೆ ಆಗುತ್ತದೆ, ಬೆಕ್ಕಿಗೆ ವಿಷ. ನಾಯಿಯ ಪಕ್ಕ ಬೆಕ್ಕು ಮಲಗುವ ಮನೆಗೆ ಇದನ್ನು ತರಲೇಬೇಡಿ. ಮೀನಿನ ತೊಟ್ಟಿಗೂ ಆಗದು.

ಬಾಯಿಗೆ ಕೊಡುವ ಮಾತ್ರೆ. ಅಫಾಕ್ಸೊಲೇನರ್, ಸರೋಲೇನರ್ ತಿಂಗಳಿಗೊಮ್ಮೆ. ಫ್ಲೂರಲೇನರ್ ಸುಮಾರು 12 ವಾರಕ್ಕೊಮ್ಮೆ. ದುಬಾರಿ, ಆದರೆ ಸ್ನಾನ, ಮಳೆ ಯಾವುದರ ಗೊಡವೆಯೂ ಇಲ್ಲ. ನಮ್ಮ ಊರಿನ ಮಳೆಗಾಲಕ್ಕೆ ನನಗೆ ಇದೇ ಇಷ್ಟ. ಔಷಧಿ ರಕ್ತದಲ್ಲಿರುತ್ತದೆ, ಚಿಗಟ ಕಚ್ಚಿದ ಮೇಲೆ ಸಾಯುತ್ತದೆ. ಹಾಗಾಗಿ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಚಿಗಟ ಕಂಡರೆ ಗಾಬರಿ ಬೇಡ. ನೆಲದಿಂದ ಹೊಸದಾಗಿ ಹತ್ತಿದ್ದು, ಇನ್ನೂ ಸಾಯಬೇಕಿದೆ. ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ನಿಮ್ಮ ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ದೊಡ್ಡ ನಾಯಿಯ ಮಾತ್ರೆ ತಂದು ಎರಡು ಚಿಕ್ಕ ನಾಯಿಗೆ ಮುರಿದು ಹಂಚುವ ಉಳಿತಾಯ ಬೇಡ. ಔಷಧಿ ಎರಡೂ ತುಂಡಿನಲ್ಲಿ ಸಮ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಐವರ್ಮೆಕ್ಟಿನ್ ಇಂಜೆಕ್ಷನ್. ದನ ಕುರಿಗೆ ಹಾಕುವುದನ್ನು ನಾಯಿಗೂ ಹಾಕಿಸುವ ರೂಢಿ ಇದೆ. ಚಿಗಟಕ್ಕೆ ಅದು ಸರಿಯಾದ ಔಷಧಿಯಲ್ಲ. ಕಾಲಿ (Collie) ಥರದ ಕೆಲವು ನಾಯಿ ತಳಿಗಳಿಗೆ ಪ್ರಾಣಕ್ಕೇ ಕುತ್ತು.

ಒಂದು ಔಷಧಿ ಹಾಕಿದ ಮೇಲೆ ಮರುದಿನ ಇನ್ನೊಂದು ಹಾಕಬೇಡಿ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡಕ್ಕೂ ಒಂದೇ ದಿನ. ಬೆಕ್ಕಿಗೆ ಬೆಕ್ಕಿನದೇ ಔಷಧಿ, ಅದೂ ಅದೇ ದಿನ.

## ಹಂತ 6: ಮನೆ, ಅದೇ ದಿನ

ಈ ಹಂತ ಬಿಟ್ಟರೆ ಮೇಲಿನ ಐದೂ ನೀರಲ್ಲಿ ಹೋಮ. ನಾನು ಮೊದಲ ವರ್ಷ ಕೆಂಚನನ್ನು ನಾಲ್ಕು ಭಾನುವಾರ ಬೇವಿನ ನೀರಲ್ಲಿ ತೊಳೆದೆ. ಪ್ರತಿ ಸಲ ಸ್ನಾನ ಆದ ಮೇಲೆ ಅವನು ಹೋಗಿ ಮಲಗುತ್ತಿದ್ದದ್ದು ಮಹಡಿ ಮೆಟ್ಟಿಲ ಕೆಳಗೆ, ಮೆಕ್ಕೆಜೋಳದ ಹಳೆ ಗೋಣಿಚೀಲಗಳ ಮೇಲೆ. ಐದನೇ ವಾರ ಆ ಚೀಲ ಎತ್ತಿ ಬಿಳಿ ಪಂಚೆ ಮೇಲೆ ಕೊಡವಿದೆ. ಉಪ್ಪು ಮೆಣಸು ಬೆರೆಸಿ ಚೆಲ್ಲಿದ ಹಾಗಿತ್ತು. ಬಿಳಿಯದು ಮೊಟ್ಟೆ, ಕರಿಯದು ಹಿಕ್ಕೆ.

ಕ್ರಮ ಹೀಗೆ:

1. ಮೊದಲು ಹಾಸಿಗೆ. ನಾಯಿ ಮಲಗುವ ಗೋಣಿಚೀಲ ಹಳೆಯದಾದರೆ ಚೀಲದಲ್ಲಿ ಕಟ್ಟಿ ಎಸೆಯಿರಿ. ಕೌದಿ, ಟವೆಲ್, ಬೆಡ್‌ಶೀಟ್ ಆದರೆ ಅಲ್ಲೇ ಕೊಡವದೆ ನಿಧಾನ ಮಡಿಚಿ ಹೊರಗೆ ತನ್ನಿ. ಹಂಡೆಯ ಸುಡುನೀರಲ್ಲಿ ನೆನೆಸಿ, ಮಷೀನ್ ಇದ್ದರೆ 60 ಡಿಗ್ರಿಯಲ್ಲಿ ಒಗೆಯಿರಿ. ತಾರಸಿಯ ಮೇಲೆ ಕಡುಬಿಸಿಲಲ್ಲಿ ಇಡೀ ದಿನ, ಮಗುಚಿ ಮಗುಚಿ ಒಣಗಿಸಿ. ಮೋಡ ಇದ್ದರೆ ಒಣಗಿದ ಮೇಲೆ ಬಿಸಿ ಇಸ್ತ್ರಿ ಎಳೆಯಿರಿ. ಚಳ್ಳಕೆರೆ ಕಂಬಳಿ ಹಾಸಿದ್ದರೆ ಸುಡುನೀರು ಬೇಡ, ಕುಗ್ಗುತ್ತದೆ. ಅದಕ್ಕೆ ಬಿಸಿಲು, ಕೋಲು. ನಾಯಿಗೆ ಕಂಬಳಿಗಿಂತ ಒಗೆಯಲು ಬರುವ ಹತ್ತಿ ಬಟ್ಟೆಯೇ ವಾಸಿ.

2. ಆಮೇಲೆ ಗುಡಿಸುವುದು. ಮೇಲಿನಿಂದ ಕೆಳಗೆ: ಸೋಫಾ ಸಂದಿ, ಮಂಚದ ಕೆಳಗೆ, ಮೆಟ್ಟಿಲ ಕೆಳಗೆ, ಬಾಗಿಲ ಹಿಂದೆ. ಪೊರಕೆಯಲ್ಲಿ ಜೋರಾಗಿ ಬೀಸಿದರೆ ಮೊಟ್ಟೆ ಪಕ್ಕದ ಕೋಣೆಗೆ ಹಾರುತ್ತದೆ. ಸ್ವಲ್ಪ ನೀರು ಚಿಮುಕಿಸಿ ನಿಧಾನ ಗುಡಿಸಿ. ವ್ಯಾಕ್ಯೂಮ್ ಇನ್ನೂ ಒಳ್ಳೆಯದು. ಅದರ ಅದುರಿಗೆ ಗೂಡಿನೊಳಗಿನ ಚಿಗಟ ಹೊರಬರುತ್ತದೆ, ಹೊರಬಂದ ಚಿಗಟಕ್ಕೆ ಔಷಧಿ ತಾಗುತ್ತದೆ. ಕಸವನ್ನು ಆಗಲೇ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿ. ಮನೆಯೊಳಗಿನ ಬುಟ್ಟಿಗೆ ಹಾಕಿದರೆ ರಾತ್ರಿಯೊಳಗೆ ವಾಪಸ್.

3. ಆಮೇಲೆ ಸಂದಿ. ಕಡಪ ಕಲ್ಲು, ಶಾಬಾದ್ ಕಲ್ಲಿನ ನೆಲ ಇದ್ದವರು ಸಂದಿಗೆ ಸೋಪು ಬೆರೆಸಿದ ಕುದಿನೀರು ಸುರಿದು ಬ್ರಷ್ ಹಾಕಿ, ಒಣಗಿದ ಮೇಲೆ ಬಿಟ್ಟ ಸಂದಿಗೆ ಸಿಮೆಂಟ್ ತುಂಬಿಸಿ. ಮಣ್ಣಿನ ನೆಲವಾದರೆ ಬಿರುಕು ಮುಚ್ಚಿ, ಆಮೇಲೆ ಸಾರಿಸಿ. ಬಿರುಕು ಹಾಗೇ ಬಿಟ್ಟು ಮೇಲೆ ಮೇಲೆ ಸಗಣಿ ಸಾರಿಸಿದರೆ ಪ್ರಯೋಜನ ಕಡಿಮೆ.

4. ಹಿತ್ತಲು, ಅಂಗಳ. ಬಿಸಿಲು ಬೀಳುವ ಬಯಲಲ್ಲಿ ಚಿಗಟ ಬದುಕುವುದಿಲ್ಲ, ಅಲ್ಲಿ ಔಷಧಿ ಸುರಿಯುವುದು ದಂಡ. ಗಿಡದ ಬುಡ, ಸೌದೆ ರಾಶಿ, ನೀರಿನ ತೊಟ್ಟಿಯ ನೆರಳು ನೋಡಿ. ಎಲೆ ಕಸ ತೆಗೆದು ಬಿಸಿಲು ಬಿಡಿ. ಆಡು ಕುರಿಯ ಕೊಟ್ಟಿಗೆ ಪಕ್ಕದಲ್ಲಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ನಾಯಿಗೆ ಹತ್ತುವ ಚಿಗಟ ಆಡಿಗೂ ಕರುವಿಗೂ ಹತ್ತುತ್ತದೆ. ಅಟ್ಟದಲ್ಲಿ ಬೀದಿ ಬೆಕ್ಕು ಮರಿ ಹಾಕಿದೆಯಾ, ಅದನ್ನೂ ನೋಡಿ.

ಇಷ್ಟಾದರೂ ಮನೆ ತುಂಬ ಇದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯಿರಿ. ಕರೆಯುವಾಗ ಒಂದೇ ಪ್ರಶ್ನೆ ಕೇಳಿ: ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುವ ಔಷಧಿ, ಅಂದರೆ ಪೈರಿಪ್ರಾಕ್ಸಿಫೆನ್ ಅಥವಾ ಮೆಥೊಪ್ರೀನ್ ಸೇರಿಸುತ್ತೀರಾ? ಬರೀ ಜಿರಲೆ ಔಷಧಿ ಹೊಡೆದು ಹೋಗುವುದಾದರೆ ಬೇಡ. ಹೊಡೆಯುವಾಗ ಮಕ್ಕಳು, ನಾಯಿ ಹೊರಗೆ. ನೆಲ ಪೂರ್ತಿ ಒಣಗಿ, ಕಿಟಕಿ ತೆಗೆದು ಗಾಳಿಯಾಡಿದ ಮೇಲೆ ಒಳಗೆ.

## ಹಂತ 7: ಮೂರು ತಿಂಗಳ ಪಾಲನೆ

ಮೊದಲ ಎರಡು ವಾರ ದಿನಾ ಗುಡಿಸಿ, ಒರೆಸಿ. ಹಾಸಿಗೆ ವಾರಕ್ಕೊಮ್ಮೆ ಬಿಸಿನೀರಿಗೆ. ದಿನ ಬಿಟ್ಟು ದಿನ ಬಾಚಿ, ಸಿಕ್ಕ ಚಿಗಟದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಇದು ತಮಾಷೆಯಲ್ಲ. ಎರಡು, ಮೂರನೇ ವಾರದಲ್ಲಿ ಸಂಖ್ಯೆ ಒಮ್ಮೆ ಏರುತ್ತದೆ. ಗೂಡಿನಲ್ಲಿದ್ದವು ಹೊರಗೆ ಬರುವ ಹೊತ್ತು ಅದು. ಜನ ಕೈಬಿಡುವುದು, ಡಾಕ್ಟರ್ ಬದಲಾಯಿಸುವುದು, ಔಷಧಿ ಮೇಲೆ ಔಷಧಿ ಸುರಿಯುವುದು ಸರಿಯಾಗಿ ಇದೇ ವಾರ. ಬರೆದಿಟ್ಟರೆ ಐದನೇ ವಾರಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ತಿಂಗಳ ಔಷಧಿಯಾದರೆ ಎರಡನೇ, ಮೂರನೇ ತಿಂಗಳೂ ಅದೇ ತಾರೀಖಿಗೆ ಕೊಡಿ. ಚಿಗಟ ಕಾಣುತ್ತಿಲ್ಲ ಅಂತ ಎರಡನೇ ತಿಂಗಳು ಬಿಟ್ಟರೆ ಉಳಿದ ಗೂಡುಗಳಿಗೆ ಹಬ್ಬ.

ಮನೆ ಪರೀಕ್ಷೆಗೆ ಬಿಳಿ ಸಾಕ್ಸ್ ಹಾಕಿಕೊಂಡು ನಾಯಿ ಮಲಗುವ ಜಾಗದಲ್ಲಿ ಐದು ನಿಮಿಷ ಕಾಲಾಡಿಸಿ, ಕರಿ ಚುಕ್ಕೆ ಹಾರಿ ಕೂತರೆ ಇನ್ನೂ ಇದೆ. ಇಲ್ಲವೇ ರಾತ್ರಿ ನೆಲದಲ್ಲಿ ಅಗಲ ತಟ್ಟೆಗೆ ಸೋಪಿನ ನೀರು ಹಾಕಿ, ಮೇಲೆ ಟೇಬಲ್ ಲ್ಯಾಂಪ್ ಉರಿಸಿಡಿ. ಬೆಳಕಿಗೆ ಹಾರಿ ಬೀಳುತ್ತವೆ. ಇದು ಎಷ್ಟಿದೆ ಅಂತ ನೋಡಲಿಕ್ಕೆ, ಮುಗಿಸಲಿಕ್ಕಲ್ಲ.

## ಮನೆಮದ್ದು ಅಂತ ಮಾಡಬಾರದ್ದು

ನೈಸರ್ಗಿಕ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ.

ಸೀತಾಫಲದ ಬೀಜ. ಜೋಗಿಮಟ್ಟಿ ಕಡೆಯ ಹಣ್ಣು ತಿಂದು ಬೀಜ ಅರೆದು ಹೇನಿಗೆ ಹಚ್ಚುವುದು ನಮ್ಮ ಕಡೆ ಹಳೇ ಪದ್ಧತಿ. ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರ ಸುಡುತ್ತದೆ. ಮನುಷ್ಯ ಕಣ್ಣು ಮುಚ್ಚಿ ಕೂರುತ್ತಾನೆ, ನಾಯಿ ಮೈ ಕೊಡವುತ್ತದೆ. ಹಚ್ಚಿದವರ ಕಣ್ಣಿಗೂ ಅದೇ ಗತಿ.

ಬೆಳ್ಳುಳ್ಳಿ. ಅನ್ನಕ್ಕೆ ಕಲಸಿ ಹಾಕಿದರೆ ಚಿಗಟ ಬರಲ್ಲ ಅನ್ನುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಚಿಗಟ ಮೊದಲೇ ರಕ್ತ ಕುಡಿಯುತ್ತಿದೆ, ಉಳಿದದ್ದನ್ನು ನಾವು ಹಾಳು ಮಾಡುವುದು ಬೇಡ.

ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಕರ್ಪೂರ, ನುಸಿ ಗುಳಿಗೆ, ಟೀ ಟ್ರೀ ಎಣ್ಣೆ. ಐದೂ ವಿಷ. ಸೀಮೆಎಣ್ಣೆ ಚರ್ಮ ಸುಡುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಇಳಿಯುತ್ತದೆ.

ನಿಂಬೆ ರಸ, ವಿನಿಗರ್. ಕೊಲ್ಲುವುದಿಲ್ಲ, ಕೆರೆದ ಗಾಯಕ್ಕೆ ಉರಿ ಅಷ್ಟೇ.

ಸುಣ್ಣ. ನಾಯಿ ಓಡಾಡುವ ಕಡೆ ಚೆಲ್ಲಿದರೆ ಪಾದ ಸುಡುತ್ತದೆ, ನೆಕ್ಕಿದರೆ ನಾಲಿಗೆ.

ಹೊಲದ ಔಷಧಿ. ಹತ್ತಿಗೆ, ಮೆಕ್ಕೆಜೋಳಕ್ಕೆ ಹೊಡೆಯುವುದನ್ನು "ಒಂದೇ ಮುಚ್ಚಳ" ಬೆರೆಸಿ ನಾಯಿಗೆ ಸುರಿಯುವವರಿದ್ದಾರೆ. ದನದ ಉಣ್ಣೆಗೆ ಬರುವ ಔಷಧಿಯೂ ಹಾಗೇ, ಅದರ ಗಾಢತೆ ದನದ ಲೆಕ್ಕದ್ದು. ಒಮ್ಮೆ ನನಗೂ ಒಂದು ಅಂಗಡಿಯಲ್ಲಿ ದನದ ಔಷಧಿಯನ್ನೇ "ಎಲ್ಲದಕ್ಕೂ ಆಗುತ್ತೆ" ಅಂತ ಕೊಟ್ಟರು. ಮನೆಗೆ ತಂದು ಲೇಬಲ್ ಓದಿದ ಮೇಲೆ ಗೊತ್ತಾಯಿತು. ಓದದೆ ಹಾಕಿದ್ದರೆ ಇವತ್ತು ಇದನ್ನು ಬರೆಯುವ ಮನಸ್ಸೇ ಇರುತ್ತಿರಲಿಲ್ಲ.

## ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕಾದ ಲಕ್ಷಣ

ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ. ಮರಿಗಳಲ್ಲಿ ಇದು ಬೇಗ ಆಗುತ್ತದೆ, ಅದೇ ದಿನ ಹೋಗಬೇಕು. ಬೆಳಿಗ್ಗೆ ನೋಡೋಣ ಅನ್ನಬೇಡಿ. ಒಸಡೇ ಕಪ್ಪಿರುವ ನಾಯಿಯಾದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಬಾಲದ ಬುಡ, ಸೊಂಟದ ಮೇಲೆ ಕೂದಲು ಉದುರಿ ಚರ್ಮ ಕೆಂಪಾಗಿ ಒಸರುತ್ತಿದ್ದರೆ ಅದು ಚಿಗಟದ ಜೊಲ್ಲಿನ ಅಲರ್ಜಿ ಇರಬಹುದು. ಇಂಥ ನಾಯಿಗೆ ಒಂದೆರಡು ಚಿಗಟ ಕಚ್ಚಿದರೂ ಸಾಕು, ವಾರಗಟ್ಟಲೆ ಕೆರೆತ. ಇದಕ್ಕೆ ಚಿಗಟದ ಔಷಧಿ ಜೊತೆ ಬೇರೆ ಚಿಕಿತ್ಸೆಯೂ ಬೇಕು.

ಮಲದಲ್ಲಿ, ಬಾಲದ ಕೆಳಗೆ ಅಕ್ಕಿ ಕಾಳಿನ ಹಾಗೆ ಅಂಟಿದ್ದು, ಕೆಲವೊಮ್ಮೆ ಮಿಸುಕುವುದು ಕಂಡರೆ ಅದು ಲಾಡಿಹುಳು. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿದರೆ ಬರುತ್ತದೆ. ಮಾಮೂಲಿ ಜಂತುಹುಳುವಿನ ಔಷಧಿಗಳಲ್ಲಿ ಎಲ್ಲವೂ ಇದಕ್ಕೆ ಆಗುವುದಿಲ್ಲ, ಪ್ರಾಜಿಕ್ವಾಂಟೆಲ್ ಇರಬೇಕು. ನಾಯಿಯ ಜೊತೆ ನೆಲದಲ್ಲಿ ಆಡುವ ಚಿಕ್ಕ ಮಕ್ಕಳು ಚಿಗಟ ನುಂಗಿದರೆ ಅವರಿಗೂ ಬರುತ್ತದೆ.

ಔಷಧಿ ಹಾಕಿದ ಮೇಲೆ ಜೊಲ್ಲು ಸುರಿಯುವುದು, ನಡುಕ, ತೂರಾಡುವುದು, ಪದೇ ಪದೇ ವಾಂತಿ ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಫಿಟ್ಸ್, ಇವು ವಿಷದ ಲಕ್ಷಣ. ಮೈಗೆ ಹಚ್ಚಿದ ಔಷಧಿಯಾದರೆ, ನಾಯಿಗೆ ಎಚ್ಚರ ಇದ್ದರೆ, ಗ್ಲೌಸ್ ಹಾಕಿ ಉಗುರುಬೆಚ್ಚಗಿನ ನೀರು, ಶಾಂಪೂವಿನಲ್ಲಿ ತೊಳೆದು ಬಟ್ಟೆ ಸುತ್ತಿ ಹೊರಡಿ. ಹಾಲು, ತುಪ್ಪ, ಎಣ್ಣೆ ಕುಡಿಸಬೇಡಿ, ಕೆಲವು ವಿಷ ಜಿಡ್ಡಿನ ಜೊತೆ ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿಯನ್ನು ಮರೆಯದೆ ಕೈಯಲ್ಲಿ ಹಿಡಿದುಕೊಳ್ಳಿ. ಡಾಕ್ಟರಿಗೆ ಯಾವ ವಿಷ ಅಂತ ಗೊತ್ತಾದರೆ ಮಾತ್ರ ಅದಕ್ಕೆ ತಕ್ಕ ಔಷಧಿ ಕೊಡಲು ಆಗುವುದು.

## ಮುಂದಿನ ಮಳೆಗಾಲಕ್ಕೆ

ಒಮ್ಮೆ ಹತೋಟಿಗೆ ಬಂದ ಮೇಲೆ ಬೇವಿನ ಸರದಿ. ಹದಿನೈದು ದಿನಕ್ಕೊಂದು ಸ್ನಾನ, ಕೊನೆಗೆ ಬೇವಿನ ನೀರು, ವಾರಕ್ಕೆರಡು ಸಲ ಸೀರಣಿಗೆ. ಹನಿ ಔಷಧಿ ಬಳಸುವವರು ಎರಡು ದಿನದ ಅಂತರ ಇಲ್ಲೂ ಮರೆಯಬೇಡಿ. ಮೇ ಕೊನೆಯ ವಾರ, ಬಿಸಿಲು ಇನ್ನೂ ಇರುವಾಗಲೇ, ನಾಯಿಯ ಹಾಸಿಗೆಯನ್ನೆಲ್ಲ ತಾರಸಿಗೆ ಹಾಕಿ, ಮೆಟ್ಟಿಲ ಕೆಳಗೆ ಖಾಲಿ ಮಾಡಿಸಿ. ಜೂನ್ ಮೊದಲ ವಾರ ಡಾಕ್ಟರನ್ನು 

ಕೇಳಿ ಮಳೆಗಾಲದ ಮೊದಲ ಔಷಧಿ ಕೊಡಿ, ದೀಪಾವಳಿವರೆಗೆ ತಾರೀಖು ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ಗೋಣಿಚೀಲಗಳು ಈಗ ತಾರಸಿಯ ಶೆಡ್ಡಿನಲ್ಲಿವೆ. ಕೆಂಚ ಮೆಟ್ಟಿಲ ಕೆಳಗೆ ಹಳೆ ಪಂಚೆಯ ಮೇಲೆ ಮಲಗುತ್ತಾನೆ, ಅದು ಪ್ರತಿ ಸೋಮವಾರ ಹಂಡೆ ನೀರಿಗೆ ಬೀಳುತ್ತದೆ.